ಪಾಪ್‌ಕಾರ್ನ್ ತಿಂದರಂತೆ

ಈ ಕಥೆಯನ್ನು ನೀವು ಎಲ್ಲೋ ಒಂದು ಕಡೆ ಕೇಳಿರ್ತೀರಿ. ಅಮೆರಿಕದ ಒಂದು ಥಿಯೇಟರಿನಲ್ಲಿ ಸಿನಿಮಾ ಓಡುತ್ತಿರುವಾಗಲೇ, ಕಣ್ಣಿಗೆ ಕಾಣದಷ್ಟು ವೇಗವಾಗಿ, 'ಪಾಪ್‌ಕಾರ್ನ್ ತಿನ್ನಿ' ಅಂತ ಪರದೆಯ ಮೇಲೆ ಮಿಂಚಿಸಿದರಂತೆ. ಯಾರಿಗೂ ಅದು ಗೊತ್ತೇ ಆಗಲಿಲ್ಲವಂತೆ. ಆದರೂ ಜನ ಎದ್ದು ಹೋಗಿ ಪಾಪ್‌ಕಾರ್ನ್ ಕೊಂಡು ತಿಂದರಂತೆ.

ಈ ವಾಕ್ಯಗಳ ಕೊನೆಯಲ್ಲಿರುವ 'ಅಂತೆ'ಯನ್ನು ಸ್ವಲ್ಪ ಗಮನಿಸಿ. ಕನ್ನಡ ಕಲಿಯುತ್ತಿರುವವರು ಇದನ್ನು ವಿಶೇಷವಾಗಿ ನೋಡಬೇಕು. 'ಬಂದರು' ಅಂದರೆ ಬಂದದ್ದು ನನಗೆ ಗೊತ್ತು. 'ಬಂದರಂತೆ' ಅಂದರೆ ಯಾರೋ ಹೇಳಿದ್ದು, ನಾನು ಕಂಡಿಲ್ಲ. ಎರಡೇ ಅಕ್ಷರದಲ್ಲಿ ಮಾತಿನ ಜವಾಬ್ದಾರಿ ಕೈ ಬದಲಾಯಿಸಿಬಿಡುತ್ತೆ. ಇಂಗ್ಲಿಷಿನಲ್ಲಿ ಇದನ್ನು ಹೇಳೋಕೆ ಬೇರೆಯದೇ ಒಂದು ಪದವನ್ನೋ ವಾಕ್ಯವನ್ನೋ ಜೋಡಿಸಬೇಕು. ಅವಸರದಲ್ಲಿ ಅದು ಬಿಟ್ಟುಹೋಗುತ್ತೆ, ಕೇಳಿದ್ದು ಕಂಡದ್ದಾಗುತ್ತೆ. ಇವತ್ತು ಹೇಳಹೊರಟಿರುವುದು ಹಾಗೆ 'ಅಂತೆ' ಕಳೆದುಕೊಂಡ ಒಂದು ಸುದ್ದಿಯ ಇತಿಹಾಸ.

ಮೊದಲು ಪದದಿಂದ ಶುರುಮಾಡೋಣ. 'ಸಬ್‌ಲಿಮಿನಲ್' ಅನ್ನುವ ಇಂಗ್ಲಿಷ್ ಪದದೊಳಗೆ 'ಲಿಮೆನ್' ಅನ್ನುವ ಲ್ಯಾಟಿನ್ ಪದ ಇದೆ. ಅದರ ಅರ್ಥ ಹೊಸ್ತಿಲು. ನಾವು ರಂಗೋಲಿ ಹಾಕಿ, ಅರಿಶಿನ ಕುಂಕುಮ ಹಚ್ಚುವ ಅದೇ ಹೊಸ್ತಿಲು. 19ನೇ ಶತಮಾನದ ಜರ್ಮನಿಯಲ್ಲಿ ಗುಸ್ತಾವ್ ಫೆಕ್ನರ್ ಅನ್ನುವ ವಿಜ್ಞಾನಿ ನಮ್ಮ ಇಂದ್ರಿಯಗಳಿಗೂ ಹೊಸ್ತಿಲು ಇದೆ ಅಂತ ವಿವರಿಸಿದ. ಶಬ್ದ ತೀರಾ ಸಣ್ಣದಾಗಿದ್ದರೆ ಕೇಳಿಸೋದಿಲ್ಲ, ಬೆಳಕು ತೀರಾ ಮಂದವಾಗಿದ್ದರೆ ಕಾಣೋದಿಲ್ಲ. ಒಂದು ಮಟ್ಟ ದಾಟಿದ ಮೇಲೆ ಮಾತ್ರ ಅದು ಮನಸ್ಸಿನ ಮನೆಯೊಳಗೆ ಬಂತು ಅಂತ ನಮಗೆ ತಿಳಿಯುತ್ತೆ. ಆ ಮಟ್ಟಕ್ಕಿಂತ ಕೆಳಗಿರುವುದೇ ಸಬ್‌ಲಿಮಿನಲ್, ಅಂದರೆ ಹೊಸ್ತಿಲ ಕೆಳಗಿನದು.

ಹಾಗಾದರೆ ಕೆಳಗೇ ಉಳಿದದ್ದು ಏನೂ ಮಾಡೋದಿಲ್ಲವೇ? 1884ರಲ್ಲಿ ಅಮೆರಿಕದ ಚಾರ್ಲ್ಸ್ ಪರ್ಸ್ ಮತ್ತು ಅವನ ವಿದ್ಯಾರ್ಥಿ ಜೋಸೆಫ್ ಜಾಸ್ಟ್ರೊ ಇದನ್ನು ಪರೀಕ್ಷಿಸಿದರು. ಬಹಳ ಸಣ್ಣ ವ್ಯತ್ಯಾಸದ ಎರಡು ಭಾರಗಳು. ಯಾವುದು ಹೆಚ್ಚು? 'ನನಗೆ ಸ್ವಲ್ಪವೂ ಗೊತ್ತಾಗ್ತಿಲ್ಲ' ಅಂತ ಅನಿಸಿದಾಗಲೂ ಒಂದು ಉತ್ತರ ಹೇಳಲೇಬೇಕು. ಹಾಗೆ ಸುಮ್ಮನೆ ಊಹಿಸಿದ ಉತ್ತರಗಳೂ ನಾಣ್ಯ ಚಿಮ್ಮಿ ಹೇಳುವುದಕ್ಕಿಂತ ಹೆಚ್ಚು ಸಲ ಸರಿಯಾಗಿದ್ದವು. ಅಂದರೆ ನಮಗೆ ತಿಳಿಯದೆಯೂ ಏನೋ ಒಂದಿಷ್ಟು ಒಳಗೆ ಬರುತ್ತೆ. ಇದು ನಿಜ, ನೆನಪಿಟ್ಟುಕೊಳ್ಳಿ. ಸುಳ್ಳು ಬೆಳೆದದ್ದು ಈ ನಿಜದ ಪಕ್ಕದಲ್ಲೇ.

ಈಗ 1957ಕ್ಕೆ ಬನ್ನಿ. ಸೆಪ್ಟೆಂಬರ್ 12ರಂದು ನ್ಯೂಯಾರ್ಕಿನಲ್ಲಿ ಜೇಮ್ಸ್ ವಿಕರಿ ಅನ್ನುವ ಮಾರುಕಟ್ಟೆ ಸಂಶೋಧಕ ಪತ್ರಿಕಾಗೋಷ್ಠಿ ಕರೆದ. ಸೂಪರ್‌ಮಾರ್ಕೆಟ್ಟಿನಲ್ಲಿ ಸಾಮಾನು ಆರಿಸುವ ಹೆಂಗಸರು ನಿಮಿಷಕ್ಕೆ ಎಷ್ಟು ಸಲ ಕಣ್ಣು ಮಿಟುಕಿಸುತ್ತಾರೆ ಅಂತ ಕದ್ದು ಎಣಿಸಿದ್ದ ಮನುಷ್ಯ ಇವನು. ಈ ಸಲ ಅವನು ತಂದಿದ್ದು ಇನ್ನೂ ದೊಡ್ಡ ಸುದ್ದಿ. ನ್ಯೂಜೆರ್ಸಿಯ ಫೋರ್ಟ್ ಲೀ ಊರಿನ ಥಿಯೇಟರಿನಲ್ಲಿ ಆರು ವಾರ ಪ್ರಯೋಗ ನಡೆಸಿದ್ದೇನೆ ಅಂದ. ಓಡುತ್ತಿದ್ದ ಸಿನಿಮಾ 'ಪಿಕ್ನಿಕ್'. ಸಿನಿಮಾದ ರೀಲಿನಲ್ಲಿ ಸೆಕೆಂಡಿಗೆ 24 ಚಿತ್ರ ಮಾತ್ರ ಹೋಗುವುದರಿಂದ ಇದಕ್ಕೆ ಬೇರೆ ಪ್ರೊಜೆಕ್ಟರ್ ಬೇಕಿತ್ತು. ಅದರಿಂದ ಐದು ಸೆಕೆಂಡಿಗೊಮ್ಮೆ, ಒಂದು ಸೆಕೆಂಡಿನ 3000ದ ಒಂದು ಭಾಗದಷ್ಟು ಹೊತ್ತು, ಪಾಪ್‌ಕಾರ್ನ್ ತಿನ್ನಿ, ಕೋಕಾ-ಕೋಲಾ ಕುಡಿಯಿರಿ ಅನ್ನುವ ಎರಡು ಸಂದೇಶಗಳನ್ನು ಮಿಂಚಿಸಿದೆ ಅಂದ. ನೋಡಿದವರು 45,699 ಜನ. ಕೋಕಾ-ಕೋಲಾ ಮಾರಾಟ ಶೇಕಡಾ 18.1ರಷ್ಟು ಏರಿತು, ಪಾಪ್‌ಕಾರ್ನ್ ಮಾರಾಟ ಶೇಕಡಾ 50ಕ್ಕಿಂತ ಹೆಚ್ಚು ಏರಿತು ಅಂದ.

ಆ 45,699 ಅನ್ನುವ ಸಂಖ್ಯೆ ಎಷ್ಟು ಚೆನ್ನಾಗಿ ಕೆಲಸ ಮಾಡುತ್ತೆ ನೋಡಿ. 'ಸುಮಾರು 45 ಸಾವಿರ' ಅಂದಿದ್ದರೆ ನಾವು ಹುಬ್ಬೇರಿಸುತ್ತಿದ್ದೆವು. ಕೊನೆಯ 99ರವರೆಗೂ ಲೆಕ್ಕ ಕೊಟ್ಟವನು ಸುಳ್ಳು ಹೇಳ್ತಾನಾ ಅನಿಸುತ್ತೆ. ಪೂರ್ತಿ ವಿವರ ಕೇಳಿದವರಿಗೆ ಮಾತ್ರ ಅವನು ಪೇಟೆಂಟ್ ಅರ್ಜಿಯ ನೆಪ ಹೇಳಿದ. ಈ ತಂತ್ರವನ್ನು ಮಾರುವುದಕ್ಕೆ ಒಂದು ಕಂಪನಿಯೂ ಅವನ ಬಳಿ ಸಿದ್ಧವಾಗಿತ್ತು.

ಜನ ಯಾಕೆ ಇಷ್ಟು ಬೇಗ ನಂಬಿದರು? ಆ ಕಾಲ ಹಾಗಿತ್ತು. ಕೊರಿಯಾ ಯುದ್ಧ ಮುಗಿದು ನಾಲ್ಕೇ ವರ್ಷ ಆಗಿತ್ತು. ಸೆರೆಸಿಕ್ಕಿದ್ದ 21 ಅಮೆರಿಕನ್ ಸೈನಿಕರು ಊರಿಗೆ ಮರಳಲು ಒಪ್ಪದೆ ಚೀನಾಕ್ಕೆ ಹೋಗಿದ್ದರು. ಅದನ್ನು ಹೇಗೆ ಅರ್ಥಮಾಡಿಕೊಳ್ಳುವುದು ಅಂತ ತಿಳಿಯದ ದೇಶಕ್ಕೆ 'ಬ್ರೈನ್‌ವಾಷಿಂಗ್' ಅನ್ನುವ ಹೊಸ ಪದ ಅನುಕೂಲಕ್ಕೆ ಬಂತು. ಅದೇ 1957ರಲ್ಲಿ ವಾನ್ಸ್ ಪ್ಯಾಕರ್ಡ್ ಬರೆದ 'ದಿ ಹಿಡನ್ ಪರ್ಸುಯೇಡರ್ಸ್' ಪುಸ್ತಕ, ಜಾಹೀರಾತಿನವರು ಮನಶ್ಶಾಸ್ತ್ರ ಓದಿಕೊಂಡು ನಮ್ಮ ಒಳಮನಸ್ಸಿಗೆ ಗಾಳ ಹಾಕುತ್ತಿದ್ದಾರೆ ಅಂತ ಹೇಳಿ ಬಿಸಿ ದೋಸೆಯಂತೆ ಖರ್ಚಾಗುತ್ತಿತ್ತು. ಮನೆಮನೆಗೂ ಟಿವಿ ಬರುತ್ತಿತ್ತು. ಪತ್ರಿಕಾಗೋಷ್ಠಿಯಾಗಿ ಮೂರು ವಾರಕ್ಕೆ, ಅಕ್ಟೋಬರ್ 4ರಂದು, ಸೋವಿಯತ್ ಒಕ್ಕೂಟ ಸ್ಪುಟ್ನಿಕ್ ಹಾರಿಸಿತು. ನೆತ್ತಿಯ ಮೇಲೆ ಶತ್ರುವಿನ ಉಪಗ್ರಹ, ಮನೆಯೊಳಗೆ ಕಾಣದ ಜಾಹೀರಾತು. ಹೆದರಿಕೆಗೆ ಬೇರೇನು ಬೇಕು?

ಕೆಲವೇ ವಾರಗಳಲ್ಲಿ ಪತ್ರಿಕೆಗಳಲ್ಲಿ 'ವಿಕರಿ ಹೀಗೆ ಹೇಳುತ್ತಾನೆ' ಅನ್ನುವುದು ಮಾಯವಾಗಿ 'ಹೀಗೆ ಆಯಿತು' ಅನ್ನುವುದು ಉಳಿಯಿತು. ನಮ್ಮ ಲೆಕ್ಕದಲ್ಲಿ, 'ಅಂತೆ' ಬಿದ್ದುಹೋಯಿತು.

ಆದರೆ ಅನುಮಾನಪಟ್ಟವರೂ ಇದ್ದರು. ನ್ಯೂಯಾರ್ಕ್ ಹತ್ತಿರದ ಹಾಫ್‌ಸ್ಟ್ರಾ ಕಾಲೇಜಿನ ಸ್ಟುವರ್ಟ್ ರಾಜರ್ಸ್ ಅನ್ನುವ ವಿದ್ಯಾರ್ಥಿ ಎಲ್ಲರಿಗಿಂತ ಸರಳವಾದ ಕೆಲಸ ಮಾಡಿದ. ನೇರವಾಗಿ ಫೋರ್ಟ್ ಲೀಗೆ ಹೋದ. ಥಿಯೇಟರ್ ಎಷ್ಟು ಚಿಕ್ಕದಾಗಿತ್ತು ಅಂದರೆ ಆರು ವಾರದಲ್ಲಿ ಅಷ್ಟು ಜನ ಅಲ್ಲಿ ಸಿನಿಮಾ ನೋಡುವುದು ಸಾಧ್ಯವೇ ಇರಲಿಲ್ಲ ಅಂತ ಅವನು ಮುಂದೆ ಬರೆದ. ಮ್ಯಾನೇಜರನ್ನು ಕೇಳಿದರೆ, ಅಂಥ ಪ್ರಯೋಗ ಏನೂ ನಡೆದಿಲ್ಲ ಅನ್ನುವ ಉತ್ತರ ಬಂತು. ಎಡಿಸನ್ನಿನಲ್ಲೋ ಜೆರ್ಸಿ ಸಿಟಿಯಲ್ಲೋ ಇರುವ ನಿಮ್ಮಲ್ಲಿ ಹಲವರು ಜಾರ್ಜ್ ವಾಷಿಂಗ್ಟನ್ ಸೇತುವೆ ದಾಟುವಾಗ ಫೋರ್ಟ್ ಲೀಯನ್ನು ಹಾದುಹೋಗ್ತೀರಿ. ಮ್ಯಾನ್‌ಹಟನ್ನಿನಿಂದ ನದಿಯಾಚೆಗಿನ ಊರು ಅದು. ಸುದ್ದಿ ಪ್ರಪಂಚ ಸುತ್ತಿತು, ಆದರೆ ಸೇತುವೆ ದಾಟಿ ಹೋಗಿ ನೋಡಿದವರು ಬಹಳ ಕಡಿಮೆ.

1958ರ ಜನವರಿಯಲ್ಲಿ ವಿಕರಿ ವಾಷಿಂಗ್ಟನ್ನಿನಲ್ಲಿ ಸಂಸದರು ಮತ್ತು ಅಧಿಕಾರಿಗಳ ಎದುರು ತನ್ನ ಯಂತ್ರ ತೋರಿಸಿದ. ಯಾರೂ ಪಾಪ್‌ಕಾರ್ನ್‌ಗೆ ಓಡಲಿಲ್ಲ. ಅದೇ ಸುಮಾರಿಗೆ ಕೆನಡಾದ ಸರ್ಕಾರಿ ವಾಹಿನಿ ಸಿಬಿಸಿ ತಾನೇ ಒಂದು ಪ್ರಯೋಗ ಮಾಡಿತು. ಭಾನುವಾರದ ಒಂದು ಕಾರ್ಯಕ್ರಮದಲ್ಲಿ ಗುಪ್ತ ಸಂದೇಶ ಇರುತ್ತೆ ಅಂತ ಮೊದಲೇ ವೀಕ್ಷಕರಿಗೆ ತಿಳಿಸಿ, 'ಈಗ ಫೋನ್ ಮಾಡಿ' ಅನ್ನುವುದನ್ನು 352 ಸಲ ಮಿಂಚಿಸಿತು. ಫೋನ್ ಕರೆಗಳು ಹೆಚ್ಚಲಿಲ್ಲ. ಸಂದೇಶ ಏನಿತ್ತು, ಊಹಿಸಿ ಬರೆಯಿರಿ ಅಂದಾಗ 500ರ ಹತ್ತಿರ ಪತ್ರ ಬಂದವು. ಸರಿಯಾಗಿ ಊಹಿಸಿದವರು ಇಲ್ಲವೆನ್ನುವಷ್ಟು ಕಡಿಮೆ. ಆದರೆ ಸುಮಾರು ಅರ್ಧದಷ್ಟು ಜನ ಬರೆದದ್ದು: ನಮಗೆ ಹಸಿವಾಯಿತು, ಬಾಯಾರಿಕೆಯಾಯಿತು!

ಇಲ್ಲಿ ಒಂದು ಕ್ಷಣ ನಿಲ್ಲಿ. ಪರದೆಯ ಮೇಲೆ ಇದ್ದದ್ದು ಫೋನಿನ ಮಾತು. ಹಸಿವು ಬಂದದ್ದು ಎಲ್ಲಿಂದ? ಪತ್ರಿಕೆಯಲ್ಲಿ ಓದಿದ ಪಾಪ್‌ಕಾರ್ನ್ ಕಥೆಯಿಂದ. ಹೊಸ್ತಿಲ ಕೆಳಗೆ ಕಳಿಸಿದ ಮಾತು ಎಲ್ಲೂ ತಲುಪಲಿಲ್ಲ. ಮುಂಬಾಗಿಲಿನಿಂದ, ಹಾಡುಹಗಲಲ್ಲಿ ಬಂದ ಮಾತು ಒಳಗೆ ಹೋಗಿ ಹೊಟ್ಟೆಯನ್ನೇ ಚುರುಗುಟ್ಟಿಸಿತು.

ವಿಕರಿಯ ಮಾತಿಗೆ ಬೆಂಬಲವಾಗುವ ಫಲಿತಾಂಶ ಯಾರಿಗೂ ಸಿಗಲಿಲ್ಲ. ಕೊನೆಗೆ 1962ರಲ್ಲಿ 'ಅಡ್ವರ್ಟೈಸಿಂಗ್ ಏಜ್' ಪತ್ರಿಕೆಗೆ ಕೊಟ್ಟ ಸಂದರ್ಶನದಲ್ಲಿ, ತನ್ನ ಬಳಿ ಇದ್ದ ಮಾಹಿತಿ ಯಾವುದೇ ತೀರ್ಮಾನಕ್ಕೆ ಸಾಲದಷ್ಟು ಕಡಿಮೆಯಿತ್ತು, ಅದೊಂದು ಗಿಮಿಕ್ ಅಂತ ಅವನೇ ಒಪ್ಪಿಕೊಂಡ. ಆದರೆ ಐದು ವರ್ಷ ಕಳೆದಿತ್ತು. ಮೊದಲ ಸುದ್ದಿ ಕೇಳಿದವರಲ್ಲಿ ಎಷ್ಟು ಜನ ಈ ಸಂದರ್ಶನ ಓದಿರಬಹುದು, ನೀವೇ ಯೋಚಿಸಿ.

ಕಾನೂನುಗಳೂ ಬಂದವು. ಬ್ರಿಟನ್ನಿನ 1964ರ ಟೆಲಿವಿಷನ್ ಕಾಯ್ದೆ ಇಂಥ ಸಂದೇಶಗಳನ್ನು ನಿಷೇಧಿಸಿತು, ಆ ನಿಷೇಧ ಇಂದಿಗೂ ಇದೆ. ಅಮೆರಿಕದ ಎಫ್‌ಸಿಸಿ 1974ರಲ್ಲಿ ಇದು ಸಾರ್ವಜನಿಕ ಹಿತಕ್ಕೆ ವಿರುದ್ಧ ಅಂತ ಘೋಷಿಸಿತು. ಯುರೋಪಿಯನ್ ಒಕ್ಕೂಟದ ಕೃತಕ ಬುದ್ಧಿಮತ್ತೆ ಕಾನೂನಿನಲ್ಲೂ ಜನರಿಗೆ ಹಾನಿಯಾಗುವಂತೆ ಸಬ್‌ಲಿಮಿನಲ್ ತಂತ್ರ ಬಳಸುವುದಕ್ಕೆ ತಡೆ ಇದೆ. 2025ರ ಫೆಬ್ರವರಿಯಿಂದ ಅದು ಜಾರಿಯಲ್ಲಿದೆ. ಇವು ತಪ್ಪು ಅಂತ ಹೇಳ್ತಾ ಇಲ್ಲ. ನನ್ನ ಒಪ್ಪಿಗೆ ಇಲ್ಲದೆ ನನ್ನ ಮನಸ್ಸಿಗೆ ಕೈ ಹಾಕಬೇಡಿ ಅನ್ನುವುದು ನ್ಯಾಯವಾದ ಮಾತೇ. ಆದರೆ ಆ ಭಯಕ್ಕೆ ಒಂದು ಮುಖ ಕೊಟ್ಟದ್ದು ನಡೆಯದ ಪ್ರಯೋಗ.

ಭಯ ಇದ್ದಲ್ಲಿ ವ್ಯಾಪಾರವೂ ಇರುತ್ತೆ. ಕಾಣದ ಸಂದೇಶ ಪಾಪ್‌ಕಾರ್ನ್ ಮಾರಬಲ್ಲದಾದರೆ, ಸಿಗರೇಟು ಬಿಡಿಸಬಾರದೇ? 1980ರ ದಶಕದಲ್ಲಿ ಅಮೆರಿಕದಲ್ಲಿ ಇಂಥ ಕ್ಯಾಸೆಟ್‌ಗಳು ಭರ್ಜರಿಯಾಗಿ ಮಾರಾಟವಾದವು. ಕೇಳಿದರೆ ಸಮುದ್ರದ ಅಲೆಯ ಸದ್ದು ಅಥವಾ ಮೆಲ್ಲನೆಯ ಸಂಗೀತ ಮಾತ್ರ. ಅದರಡಿಯಲ್ಲಿ ಕಿವಿಗೆ ಕೇಳಿಸದಂತೆ ಉಪದೇಶ ಅಡಗಿದೆ ಅಂತ ಭರವಸೆ.

1991ರಲ್ಲಿ ಆಂಥನಿ ಗ್ರೀನ್‌ವಾಲ್ಡ್ ಮತ್ತು ಸಂಗಡಿಗರು ಈ ಕ್ಯಾಸೆಟ್‌ಗಳ ಮೇಲಿನ ತಮ್ಮ ಅಧ್ಯಯನ ಪ್ರಕಟಿಸಿದರು. ಅವರ ಉಪಾಯ ಬಹಳ ಚೆಂದದ್ದು. ನೆನಪಿನ ಶಕ್ತಿ ಹೆಚ್ಚಿಸುವ ಕ್ಯಾಸೆಟ್, ಆತ್ಮವಿಶ್ವಾಸ ಹೆಚ್ಚಿಸುವ ಕ್ಯಾಸೆಟ್ ಎರಡನ್ನೂ ತಂದರು. ಅರ್ಧದಷ್ಟಕ್ಕೆ ಲೇಬಲ್ ಅದಲು ಬದಲು ಮಾಡಿ ಅಂಟಿಸಿದರು. ಯಾವುದರಲ್ಲಿ ಏನಿದೆ ಅಂತ ಕೇಳುಗರಿಗೆ ಗೊತ್ತಿಲ್ಲ. ಜನ ಹಲವು ವಾರ ಶ್ರದ್ಧೆಯಿಂದ ಕೇಳಿದರು. ಅಡಗಿಸಿಟ್ಟ ಉಪದೇಶ ಹೇಳಿಕೊಂಡ ಕೆಲಸ ಮಾಡಲೇ ಇಲ್ಲ. ಆದರೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಜನ ತಮ್ಮಲ್ಲಿ ಸುಧಾರಣೆ ಕಂಡಿದೆ ಅಂದುಕೊಂಡಿದ್ದರು. ಯಾವುದರಲ್ಲಿ? ಕ್ಯಾಸೆಟ್ಟಿನ ಒಳಗೆ ಇದ್ದದ್ದರಲ್ಲಲ್ಲ, ಲೇಬಲ್ಲಿನ ಮೇಲೆ ಬರೆದಿದ್ದರಲ್ಲಿ.

ಮತ್ತೆ ಅದೇ ಕಥೆ. ಓದಿದ ಮಾತು ಕೆಲಸ ಮಾಡಿತು, ಬಚ್ಚಿಟ್ಟ ಮಾತು ಮಾಡಲಿಲ್ಲ.

ಹಾಗಂತ ಹೊಸ್ತಿಲ ಕೆಳಗೆ ಏನೂ ನಡೆಯೋದಿಲ್ಲ ಅಂದುಬಿಟ್ಟರೆ ಅದೂ ತಪ್ಪು. 2006ರಲ್ಲಿ ನೆದರ್‌ಲೆಂಡ್ಸ್‌ನ ಸಂಶೋಧಕರು ಕಂಪ್ಯೂಟರ್ ಪರದೆಯ ಮೇಲೆ ಲಿಪ್ಟನ್ ಐಸ್ ಅನ್ನುವ ಹೆಸರನ್ನು ಕ್ಷಣಮಾತ್ರ ಮಿಂಚಿಸಿ, ಆಮೇಲೆ ಯಾವ ಪಾನೀಯ ಬೇಕು ಅಂತ ಕೇಳಿದರು. ಹೆಸರು ಮಿಂಚಿದ್ದರಿಂದ ಆಯ್ಕೆ ಸ್ವಲ್ಪ ವಾಲಿತು, ಆದರೆ ಮೊದಲೇ ಬಾಯಾರಿದ್ದವರಲ್ಲಿ ಮಾತ್ರ. ಬಾಯಾರಿಕೆಯನ್ನು ಅದು ಹುಟ್ಟಿಸಲಿಲ್ಲ. ನೀರು ಹರಿಯುತ್ತಿರುವ ಕಾಲುವೆಯನ್ನು ಒಂದಿಷ್ಟು ಆಚೀಚೆ ತಿರುಗಿಸಿತು, ಅಷ್ಟೆ. ಪ್ರಯೋಗಾಲಯದ ಒಳಗೆ, ಕೆಲವು ನಿಮಿಷಗಳ ಮಟ್ಟಿಗೆ.

ಇದೆಲ್ಲ ಇವತ್ತು ನಮಗೆ ಯಾಕೆ ಬೇಕು? ಯೂಟ್ಯೂಬ್ ತೆರೆದು ನೋಡಿ. ಎಂಟು ಗಂಟೆಯ ಮಳೆಯ ಸದ್ದು, ಒಳಗೆ 'ಶ್ರೀಮಂತಿಕೆಯ ಗುಪ್ತ ಸಂದೇಶ'. ಹಿಂದಿನ ಕ್ಯಾಸೆಟ್ಟೇ ಬಟ್ಟೆ ಬದಲಿಸಿ ಬಂದಿದೆ. ಮಲಗಿದ್ದಾಗ ಭಾಷೆ ಕಲಿಸುತ್ತೇವೆ ಅನ್ನುವ ಆಡಿಯೋಗಳೂ ಇವೆ. ಈ ಆಸೆಯೂ ಹಳೆಯದು. 1950ರ ದಶಕದಲ್ಲೇ ಚಾರ್ಲ್ಸ್ ಸೈಮನ್ ಮತ್ತು ವಿಲಿಯಂ ಎಮನ್ಸ್ ಮಿದುಳಿನ ಅಲೆಗಳನ್ನು ಅಳೆಯುತ್ತಾ ಮಲಗಿದವರಿಗೆ ಪಾಠ ಕೇಳಿಸಿದರು. ಅರೆ ಎಚ್ಚರದಲ್ಲಿ ಕೇಳಿದ್ದು ಒಂದಿಷ್ಟು ನೆನಪಿತ್ತು, ನಿಜವಾದ ನಿದ್ದೆಯಲ್ಲಿ ಕೇಳಿಸಿದ್ದು ಉಳಿಯಲಿಲ್ಲ. ಹಾಗಾಗಿ ಕನ್ನಡ ಕಲಿಯುತ್ತಿರುವ ತಮ್ಮಂದಿರೇ, ತಂಗಿಯರೇ, ದಿಂಬಿನ ಕೆಳಗೆ ಫೋನ್ ಇಟ್ಟರೆ ಭಾಷೆ ಬರೋದಿಲ್ಲ. ಎಚ್ಚರವಾಗಿದ್ದಾಗ ಅಜ್ಜಿಗೆ ಹತ್ತು ನಿಮಿಷ ಫೋನ್ ಮಾಡಿ. ತಪ್ಪುತಪ್ಪಾಗಿಯಾದರೂ ಮಾತಾಡಿ.

ಇನ್ನು ದೊಡ್ಡವರಿಗೆ ಒಂದು ಮಾತು. ಕಾಣದ ಸಂದೇಶದ ಭಯದಲ್ಲಿ ಒಂದು ಸುಖವೂ ಇದೆ: ನಾನು ಕೊಂಡದ್ದಕ್ಕೆ, ನಂಬಿದ್ದಕ್ಕೆ, ವೋಟು ಹಾಕಿದ್ದಕ್ಕೆ ನಾನು ಹೊಣೆಯಲ್ಲ, ಯಾರೋ ಗುಟ್ಟಾಗಿ ಮಾಡಿಸಿದರು ಅನ್ನಬಹುದು. ಆದರೆ ನಮ್ಮನ್ನು ತಿರುಗಿಸುವ ಬಹುಪಾಲು ಮಾತುಗಳು ಕಣ್ಣೆದುರಿಗೇ ಇರುತ್ತವೆ. ಫ್ಯಾಮಿಲಿ ಗ್ರೂಪಿನಲ್ಲಿ ಬೆಳಿಗ್ಗೆ ಬಿದ್ದ ಫಾರ್ವರ್ಡ್, ದಿನಕ್ಕೆ ಹತ್ತು ಸಲ ಕಾಣುವ ಒಂದೇ ಹೆಡ್‌ಲೈನ್, ದಶಾಂಶದವರೆಗೂ ಲೆಕ್ಕ ಕೊಡುವ ಒಂದು ಅಂಕಿ. ಇವು ಹೊಸ್ತಿಲು ದಾಟಿಯೇ ಬರುತ್ತವೆ. ನಾವೇ 'ಬನ್ನಿ, ಕೂತ್ಕೊಳ್ಳಿ' ಅಂತ ಒಳಗೆ ಕರೀತೀವಿ.

ಕನ್ನಡ ನಮಗೆ ಒಂದು ಪುಟ್ಟ ಸಾಧನ ಕೊಟ್ಟಿದೆ, ಬಳಸೋಣ. ಮುಂದಿನ ಸಲ ಯಾವುದಾದರೂ ಸುದ್ದಿಯನ್ನು ಇನ್ನೊಬ್ಬರಿಗೆ ದಾಟಿಸುವಾಗ, ಅದನ್ನು ನೀವು ಕಂಡಿಲ್ಲ, ಪರೀಕ್ಷಿಸಿಲ್ಲ ಅಂದರೆ, ಕೊನೆಯಲ್ಲಿ 'ಅಂತೆ' ಸೇರಿಸಿ. ಬೇಕಾದರೆ ಪಾಪ್‌ಕಾರ್ನ್ ಕಥೆಯನ್ನೂ ಹೇಳಿ, ಮಕ್ಕಳಿಗೆ ಇಷ್ಟವಾಗುತ್ತೆ. ತಿಂದರಂತೆ ಅನ್ನಿ. ತಿಂದರು ಅನ್ನಬೇಡಿ.