ಮಾತು ಕೇಳಿಸಲಿ: ತಪಸ್ಸುಕಾಲದ ಸಂಗೀತದ ಕಥೆ

ಕ್ರೈಸ್ತರ ಹಬ್ಬಗಳಲ್ಲಿ ಕ್ರಿಸ್ಮಸ್ ನಮಗೆಲ್ಲ ಪರಿಚಿತ. ಅದರ ಗೀತೆಗಳೂ ಪರಿಚಿತ. ಆದರೆ ಈಸ್ಟರಿಗೆ ಮುಂಚಿನ ವಾರಗಳಲ್ಲಿ ಒಂದು ಕಥೋಲಿಕ ಚರ್ಚಿಗೆ ಹೋಗಿ ಗಮನವಿಟ್ಟು ಕೇಳಿ. ಅಲ್ಲಿ ಮೊದಲು ಗಮನಕ್ಕೆ ಬರುವುದು ಕೇಳಿಸುವ ಸಂಗೀತವಲ್ಲ, ಕೇಳಿಸದಿರುವ ಸಂಗೀತ.

ಈ ಅವಧಿಗೆ ತಪಸ್ಸುಕಾಲ ಎಂದು ಹೆಸರು. ಬೂದಿ ಬುಧವಾರದಿಂದ ಈಸ್ಟರಿನ ಹಿಂದಿನ ಶನಿವಾರದವರೆಗೆ ಎಣಿಸಿದರೆ 46 ದಿನಗಳಾಗುತ್ತವೆ. ಭಾನುವಾರ ಉಪವಾಸದ ದಿನವಲ್ಲವಾದ್ದರಿಂದ ಆರು ಭಾನುವಾರಗಳನ್ನು ಕಳೆದರೆ ಉಳಿಯುವುದು 40. ಏಸುಕ್ರಿಸ್ತರು ಮರುಭೂಮಿಯಲ್ಲಿ ಉಪವಾಸವಿದ್ದ ದಿನಗಳ ಲೆಕ್ಕವೂ ಇದೇ.

ಈ ಕಾಲದಲ್ಲಿ ಊಟಕ್ಕೆ ಮಾತ್ರವಲ್ಲ, ಕಿವಿಗೂ ಉಪವಾಸ. 'ಅಲ್ಲೆಲೂಯ' ಎಂಬ ಹರ್ಷೋದ್ಗಾರವನ್ನು ಈಸ್ಟರಿನ ರಾತ್ರಿಯವರೆಗೆ ಹಾಡುವಂತಿಲ್ಲ. ಮಧ್ಯಯುಗದ ಯೂರೋಪಿನ ಕೆಲವು ಚರ್ಚುಗಳಲ್ಲಿ ಆ ಪದಕ್ಕೆ ಶವಸಂಸ್ಕಾರದಂತೆಯೇ 'ಸಮಾಧಿ' ಮಾಡುವ ಪದ್ಧತಿಯೂ ಇತ್ತು. 'ಗ್ಲೋರಿಯ' ಎಂಬ ಮಹಿಮಾಗೀತೆಯನ್ನು ಕೆಲವು ಹಬ್ಬದ ದಿನಗಳಲ್ಲಿ ಬಿಟ್ಟರೆ ಕೈಬಿಡುತ್ತಾರೆ. ಆರ್ಗನ್ ಮೊದಲಾದ ವಾದ್ಯಗಳು ಹಾಡುವವರಿಗೆ ಆಸರೆಯಾಗಿ ಮಾತ್ರ ನುಡಿಯಬೇಕು, ತಾವಾಗಿಯೇ ಮೆರೆಯುವಂತಿಲ್ಲ. ನಾಲ್ಕನೆಯ ಭಾನುವಾರ ಮತ್ತು ದೊಡ್ಡ ಹಬ್ಬಗಳಂದು ಇದಕ್ಕೆ ವಿನಾಯಿತಿ. ಪವಿತ್ರ ಗುರುವಾರದ ನಂತರ ಗಂಟೆಗಳೂ ಮೌನ; ಅನೇಕ ಕಡೆ ಮರದ ಹಲಗೆಗಳನ್ನು ಬಡಿದು ಸದ್ದು ಮಾಡುತ್ತಾರೆ.

ಹೀಗೆ ಕಳೆಯುತ್ತ ಹೋದರೆ ಉಳಿಯುವುದೇನು? ಮನುಷ್ಯನ ಕಂಠ ಮತ್ತು ಅದು ನುಡಿಯುವ ಮಾತು. ಆ ಮಾತು ಕೇಳಿಸಬೇಕೆ, ಅದರ ಸುತ್ತಲಿನ ನಾದ ಕೇಳಿಸಬೇಕೆ? ಇದರ ಬಗ್ಗೆ ಚರ್ಚಿನೊಳಗೆ ಶತಮಾನಗಳ ಕಾಲ ವಾದ ನಡೆಯಿತು.

16ನೆಯ ಶತಮಾನದ ಹೊತ್ತಿಗೆ ಯೂರೋಪಿನಲ್ಲಿ ಬಹುಧ್ವನಿ ಗಾಯನ ಬಹು ಎತ್ತರಕ್ಕೆ ಬೆಳೆದಿತ್ತು. ನಾಲ್ಕು, ಐದು, ಆರು ಧ್ವನಿಗಳು ಬೇರೆ ಬೇರೆ ಸ್ವರಗಳಲ್ಲಿ, ಬೇರೆ ಬೇರೆ ಕ್ಷಣಗಳಲ್ಲಿ ಒಂದೇ ಸಾಲನ್ನು ಎತ್ತಿಕೊಳ್ಳುತ್ತಿದ್ದವು. ಇದಕ್ಕೆ ಭೌತಶಾಸ್ತ್ರದ ಒಂದು ಸರಳ ಸಂಗತಿಯನ್ನು ಸೇರಿಸಿ. ಕಲ್ಲಿನ ದೊಡ್ಡ ಕಟ್ಟಡದಲ್ಲಿ ಒಂದು ಧ್ವನಿ ಅಡಗಲು ಹಲವು ಸೆಕೆಂಡುಗಳೇ ಬೇಕು. ಮೊದಲ ಪದದ ಅನುರಣನ ಮುಗಿಯುವ ಮೊದಲೇ ಮುಂದಿನ ಪದಗಳು ಬಂದು ಮೇಲೆ ಬೀಳುತ್ತವೆ. ನಾದ ತುಂಬಿಕೊಳ್ಳುತ್ತದೆ, ಮಾತು ಕರಗಿಹೋಗುತ್ತದೆ.

1555ರ ಏಪ್ರಿಲ್ ತಿಂಗಳಲ್ಲಿ ಎರಡನೆಯ ಮಾರ್ಸೆಲಸ್ ಪೋಪರಾಗಿ ಆಯ್ಕೆಯಾದರು. ಅವರು ಅಧಿಕಾರಕ್ಕೆ ಬಂದ ಮೂರನೆಯ ದಿನವೇ ಶುಭ ಶುಕ್ರವಾರ. ಅಂದಿನ ಹಾಡುಗಾರಿಕೆ ಅವರಿಗೆ ಸರಿಕಾಣಲಿಲ್ಲ. ಗಾಯಕರನ್ನು ಕರೆಸಿ, ಕ್ರಿಸ್ತರ ಯಾತನೆಯನ್ನು ನೆನೆಯುವ ದಿನಗಳ ಹಾಡು ಆ ದಿನಕ್ಕೆ ಒಪ್ಪುವಂತಿರಬೇಕು, ಪದಗಳು ಕೇಳಿಸಬೇಕು, ಅರ್ಥವೂ ಆಗಬೇಕು ಎಂದು ತಿಳಿಸಿದರು. ಅವರ ಕಾರ್ಯದರ್ಶಿ ಮಾಸ್ಸರೆಲ್ಲಿಯ ದಿನಚರಿಯಲ್ಲಿ ಇದು ದಾಖಲಾಗಿದೆ. ಪೋಪ್ ಮಾರ್ಸೆಲಸ್ ಬದುಕಿದ್ದು ಆಮೇಲೆ ಮೂರು ವಾರ ಮಾತ್ರ. ಆದರೆ ಆ ವರ್ಷ ಅವರ ಗಾಯಕ ವೃಂದದಲ್ಲಿ ಪಾಲೆಸ್ತ್ರೀನ ಎಂಬ ಸಂಗೀತಗಾರನಿದ್ದ. 1567ರಲ್ಲಿ ಪ್ರಕಟವಾದ ಆತನ ಆರು ಧ್ವನಿಗಳ ಒಂದು ಕೃತಿಗೆ ಪೋಪ್ ಮಾರ್ಸೆಲಸರದೇ ಹೆಸರು. ಅದರ ಉದ್ದನೆಯ ಪಠ್ಯಭಾಗಗಳಲ್ಲಿ ಧ್ವನಿಗಳು ಬಹುಮಟ್ಟಿಗೆ ಒಟ್ಟಿಗೇ ಅಕ್ಷರಗಳನ್ನು ಉಚ್ಚರಿಸುತ್ತವೆ. ಆರು ಧ್ವನಿಗಳಿದ್ದರೂ ಮಾತು ಸ್ಪಷ್ಟ.

ಟ್ರೆಂಟ್ ಮಹಾಸಭೆ ಬಹುಧ್ವನಿ ಗಾಯನವನ್ನು ನಿಷೇಧಿಸಲು ಹೊರಟಿತ್ತು, ಪಾಲೆಸ್ತ್ರೀನ ಈ ಕೃತಿಯಿಂದ ಅದನ್ನು ಉಳಿಸಿದ ಎಂಬ ಕಥೆಯನ್ನು ನೀವು ಓದಿರಬಹುದು. ಕಥೆ ಸೊಗಸಾಗಿದೆ, ಆದರೆ ಅದು ಹಬ್ಬಿದ್ದು ನಂತರದ ಕಾಲದಲ್ಲಿ. 1562ರ ಸೆಪ್ಟೆಂಬರಿನಲ್ಲಿ ಆ ಸಭೆ ಹೊರಡಿಸಿದ ಆದೇಶದಲ್ಲಿರುವುದು ಅಶ್ಲೀಲವಾದ, ಅಶುದ್ಧವಾದ ಸಂಗೀತವನ್ನು ಚರ್ಚಿನಿಂದ ದೂರವಿಡಬೇಕು ಎಂಬುದಷ್ಟೆ.

ತಪಸ್ಸುಕಾಲದ ಸಂಗೀತದಲ್ಲಿ ಹೆಚ್ಚು ಪ್ರಸಿದ್ಧವಾದದ್ದು ಅಲ್ಲೆಗ್ರಿಯ 'ಮಿಸೆರೆರೆ'. 1630ರ ದಶಕದಲ್ಲಿ ರೋಮಿನ ಸಿಸ್ಟೀನ್ ಪ್ರಾರ್ಥನಾಲಯಕ್ಕಾಗಿ ರಚಿಸಿದ್ದು ಇದು. 51ನೆಯ ಕೀರ್ತನೆ, ಅಂದರೆ ಪಶ್ಚಾತ್ತಾಪದ ಪ್ರಾರ್ಥನೆಯೇ ಇದರ ಪಠ್ಯ. ಪವಿತ್ರ ವಾರದಲ್ಲಿ ಮೇಣದಬತ್ತಿಗಳನ್ನು ಒಂದೊಂದಾಗಿ ಆರಿಸುತ್ತ ನಡೆಸುವ ಆರಾಧನೆಯಲ್ಲಿ, ಕತ್ತಲು ಕವಿದ ಮೇಲೆ ಇದನ್ನು ಹಾಡುತ್ತಿದ್ದರು. ವಾದ್ಯಗಳಿಲ್ಲ. ಐದು ಧ್ವನಿಗಳ ಒಂದು ವೃಂದ, ನಾಲ್ಕು ಧ್ವನಿಗಳ ಇನ್ನೊಂದು ವೃಂದ. ನಡುನಡುವೆ ಸರಳ ಏಕಧ್ವನಿ ಪಠಣ.

1770ರಲ್ಲಿ ಹದಿನಾಲ್ಕು ವರ್ಷದ ಮೊಜಾರ್ಟ್ ಇದನ್ನು ಕೇಳಿ ನೆನಪಿನಿಂದಲೇ ಬರೆದುಕೊಂಡ ಎಂದು ಅವನ ತಂದೆ ಏಪ್ರಿಲ್ 14ರ ಪತ್ರದಲ್ಲಿ ತಿಳಿಸಿದ್ದಾನೆ. ಮರುವರ್ಷವೇ ಚಾರ್ಲ್ಸ್ ಬರ್ನಿ ಲಂಡನ್ನಿನಲ್ಲಿ ಈ ಕೃತಿಯನ್ನು ಅಚ್ಚುಹಾಕಿಸಿದ. ಸ್ವಾರಸ್ಯವೆಂದರೆ, ಕಾಗದದ ಮೇಲಿದ್ದದ್ದು ಬರಿಯ ಹಂದರ. ಕೇಳುಗರನ್ನು ಬೆರಗುಗೊಳಿಸಿದ್ದು ಗಾಯಕರು ಬಾಯಿಂದ ಬಾಯಿಗೆ ಕಲಿತಿದ್ದ ಅಲಂಕಾರ. ಸ್ವರಲಿಪಿಯಲ್ಲಿ ಗಮಕ ಪೂರ್ತಿ ಸಿಗುವುದಿಲ್ಲವೆಂದು ಬಲ್ಲ ನಮ್ಮ ಸಂಗೀತ ವಿದ್ಯಾರ್ಥಿಗಳಿಗೆ ಇದನ್ನು ವಿವರಿಸಬೇಕಿಲ್ಲ. ಇಂದು ಧ್ವನಿಮುದ್ರಿಕೆಗಳಲ್ಲಿ ಮೈನವಿರೇಳಿಸುವ ಆ ಅತಿ ಎತ್ತರದ ಸ್ವರವೂ ಅಲ್ಲೆಗ್ರಿಯ ಮೂಲದಲ್ಲಿಲ್ಲ. ನಂತರದ ಪ್ರಕಟಣೆಗಳಲ್ಲಿ ಸೇರಿಕೊಂಡದ್ದು.

19ನೆಯ ಶತಮಾನದಲ್ಲಿ ನಾಟಕಶಾಲೆಯ ಆಪೆರಾ ಶೈಲಿ ಚರ್ಚಿನೊಳಗೂ ನುಗ್ಗಿತು. ಇದನ್ನು ತಡೆಯಲು ಪೋಪ್ ಹತ್ತನೆಯ ಪಯಸ್ 1903ರ ನವೆಂಬರ್ 22ರಂದು ಆದೇಶ ಹೊರಡಿಸಿ, ಗ್ರೆಗೋರಿಯನ್ ಪಠಣಕ್ಕೆ ಅಗ್ರಸ್ಥಾನ ಕೊಟ್ಟರು; ಪಿಯಾನೊ, ಡೋಲುಗಳನ್ನು ಹೊರಗಿಟ್ಟರು. ಮಾತಿನ ಪ್ರಶ್ನೆ ಮಾತ್ರ ಇನ್ನೂ ಉಳಿದಿತ್ತು. ಎಷ್ಟೇ ಸ್ಪಷ್ಟವಾಗಿ ಹಾಡಿದರೂ ಲ್ಯಾಟಿನ್ ಬಾರದವನಿಗೆ ಅರ್ಥವಾಗುವುದೇನು? 1963ರ ಡಿಸೆಂಬರ್ 4ರಂದು ಎರಡನೆಯ ವ್ಯಾಟಿಕನ್ ಮಹಾಸಭೆ ಜನರ ಭಾಷೆಗೆ ಬಾಗಿಲು ತೆರೆಯಿತು. ಜನರೂ ಹಾಡಬೇಕು, ಆಯಾ ನಾಡಿನ ಸಂಗೀತಕ್ಕೂ ಮನ್ನಣೆ ಸಿಗಬೇಕು ಎಂದಿತು. ನಮ್ಮ ನಾಡಿನ ಚರ್ಚುಗಳ ಬಲಿಪೂಜೆಯಲ್ಲಿ ಕನ್ನಡ, ಕೊಂಕಣಿಗಳು ಕೇಳಿಸತೊಡಗಿದ್ದು ಇದರ ನಂತರವೇ.

ಆದರೆ ಭಕ್ತಿಗೀತೆಗಳು ಅಷ್ಟು ಕಾಲ ಕಾದಿರಲಿಲ್ಲ. 18ನೆಯ ಶತಮಾನದಲ್ಲಿ ಗೋವೆಯ ಪಾದ್ರಿ ಜೋಕಿಂ ಮಿರಾಂದ ರಚಿಸಿದ 'ರಿಗ್ಲೊ ಜೆಜು ಮೊಳ್ಯಾಂತುಂ' ಎಂಬ ಕೊಂಕಣಿ ಗೀತೆ ಆಲಿವ್ ತೋಪಿನಲ್ಲಿ ಏಸುವಿನ ಸಂಕಟವನ್ನು ಹೇಳುತ್ತದೆ. 1784ರಲ್ಲಿ ಟಿಪ್ಪುವಿನ ಕಾಲದಲ್ಲಿ ಶ್ರೀರಂಗಪಟ್ಟಣಕ್ಕೆ ಸೆರೆಯಾಗಿ ಹೋದ ಕರಾವಳಿಯ ಕ್ರೈಸ್ತರು ಇದನ್ನು ಅಲ್ಲಿಯೂ ಹಾಡುತ್ತಿದ್ದರೆಂಬ ನೆನಪು ಆ ಸಮುದಾಯದಲ್ಲಿ ಉಳಿದಿದೆ. ಸೆರೆಯಲ್ಲಿದ್ದವರಿಗೆ ಆರ್ಗನ್ ಎಲ್ಲಿಯದು? ಅವರ ಜೊತೆ ಹೋದದ್ದು ತಾಯಿನುಡಿಯ ಹಾಡು.

ಇಂದು ಯಾವುದೇ ಊರಿನ ವೃಂದನಾಯಕ ತಪಸ್ಸುಕಾಲಕ್ಕೆ ಹಾಡು ಆರಿಸುವಾಗ ಈ ಇತಿಹಾಸವೆಲ್ಲ ಅವನ ಬೆನ್ನಿಗಿರುತ್ತದೆ. ಮೊದಲು ಆ ಭಾನುವಾರದ ಶುಭಸಂದೇಶವನ್ನು ಓದಬೇಕು. ಹಾಡು ಅದಕ್ಕೆ ಹೊಂದುತ್ತದೆಯೇ ನೋಡಬೇಕು. ಜನರ ಶ್ರುತಿಗೆ ಎಟಕುತ್ತದೆಯೇ ಕೇಳಿಕೊಳ್ಳಬೇಕು. ಆಮೇಲೆ, ಯಾವ ವಾದ್ಯವನ್ನು ಬಿಡಬಹುದು ಎಂದು ಯೋಚಿಸಬೇಕು. ಎಲ್ಲಕ್ಕಿಂತ ಕಷ್ಟದ ಕೆಲಸ ಈ ಕೊನೆಯದೇ.

ದೂರದರ್ಶನದ ಕೆಲಸದಲ್ಲಿರುವ ನಮಗೆ ಮೌನವೆಂದರೆ ಭಯ. ಐದು ಸೆಕೆಂಡು ಸದ್ದಿಲ್ಲದಿದ್ದರೆ ಸೆಟ್ಟು ಕೆಟ್ಟಿತೆಂದು ನೋಡುವವರು ಗುಂಡಿ ತಿರುಗಿಸುತ್ತಾರೆ. ಅದಕ್ಕೇ ಖಾಲಿ ಜಾಗವನ್ನೆಲ್ಲ ಸಂಗೀತದಿಂದ ತುಂಬುತ್ತೇವೆ. ವರ್ಷಕ್ಕೆ ನಲವತ್ತು ದಿನ ಬೇಕೆಂದೇ ಸದ್ದು ಕಡಿಮೆ ಮಾಡುವ ಈ ಸಂಪ್ರದಾಯವನ್ನು ಕಂಡಾಗ, ಆ ತುಂಬುವಿಕೆಯಲ್ಲಿ ಎಷ್ಟು ಮಾತುಗಳು ಮುಳುಗಿಹೋದವೋ ಎಂದು ಯೋಚಿಸುವಂತಾಗುತ್ತದೆ.