ಪಕ್ಕದ ಹೊಲದ ಬೋರ್‌ವೆಲ್ ನಮ್ಮ ಬಾವಿ ಬತ್ತಿಸಿದರೆ?

ಕೋಟೆ ಸೀಮೆಯಲ್ಲಿ ಕಬಿನಿ, ನುಗು, ತಾರಕ, ಹೆಬ್ಬಳ್ಳ ಜಲಾಶಯಗಳಿವೆ. ಆದರೆ ನಾಲೆ ನೀರು ಹತ್ತದ ದಿಣ್ಣೆ ಹೊಲಗಳಿಗೆ ಬೋರ್‌ವೆಲ್ಲೇ ದಿಕ್ಕು. ಅಲ್ಲಿ ಒಬ್ಬರು ಆಳಕ್ಕೆ ಕೊರೆಸಿದರೆ ಪಕ್ಕದವರ ಬಾವಿ ಬತ್ತಬಹುದು. ಬತ್ತಿದವರಿಗೆ ಕಾನೂನಿನಲ್ಲಿ ದಾರಿ ಇದೆಯೇ? ಈ ಪ್ರಶ್ನೆ 180 ವರ್ಷಕ್ಕೂ ಹಳೆಯದು.

ಇಂಗ್ಲೆಂಡಿನ ಲ್ಯಾಂಕಾಶೈರ್‌ನಲ್ಲಿ ಕಲ್ಲಿದ್ದಲು ಗಣಿ ತೋಡಿದ್ದರಿಂದ ಪಕ್ಕದ ಹತ್ತಿ ಗಿರಣಿಯ ಬಾವಿ ಬತ್ತಿತು. ಗಿರಣಿಯವರು ಕೋರ್ಟಿಗೆ ಹೋಗಿ 1843ರಲ್ಲಿ ಸೋತರು. ನೆಲದಡಿಯ ನೀರಿನ ದಾರಿ ಯಾರಿಗೂ ಕಾಣದು, ತನ್ನ ಜಮೀನಿನಲ್ಲಿ ತೋಡಿದವನದು ತಪ್ಪಲ್ಲ ಎಂಬುದು ತೀರ್ಪಿನ ಸಾರ. ಅದೇ ಮಾತು 1882ರ ಈಸ್‌ಮೆಂಟ್ ಕಾಯ್ದೆಯ 7ನೇ ಕಲಮಿಗೂ ಬಂತು. ಗೊತ್ತಾದ ಕಾಲುವೆಯಲ್ಲಿ ಹರಿಯದ ಅಂತರ್ಜಲವನ್ನು ಜಮೀನಿನವರು ತಮ್ಮ ಗಡಿಯೊಳಗೆ ತೆಗೆಯಬಹುದು ಎಂದಿತು. ನಮ್ಮ ಪಕ್ಕದ ಕೊಡಗಿಗೆ ಈ ಕಾಯ್ದೆ ಮೊದಲಿನಿಂದಲೂ ಅನ್ವಯವಾಗಿತ್ತು.

ಅಮೆರಿಕದಲ್ಲಿ ಇದೇ ನ್ಯಾಯ ತೈಲ, ಅನಿಲಕ್ಕೂ ಹಬ್ಬಿತು. 1889ರಲ್ಲಿ ಪೆನ್ಸಿಲ್ವೇನಿಯಾದ ಕೋರ್ಟು ಅವನ್ನು ಕಾಡುಪ್ರಾಣಿಗೆ ಹೋಲಿಸಿತು. ಗಡಿ ದಾಟಿ ಹೋದ ಜಿಂಕೆಯ ಹಾಗೆ, ಪಕ್ಕದ ಬಾವಿಗೆ ಹರಿದ ಅನಿಲ ಹಿಡಿದವನದು. 1904ರಲ್ಲಿ ಟೆಕ್ಸಾಸ್‌ನಲ್ಲಿ ರೈಲ್ವೆ ಕಂಪನಿ 66 ಅಡಿ ಆಳದ ಬಾವಿ ತೋಡಿ ದಿನಕ್ಕೆ 25,000 ಗ್ಯಾಲನ್ ಎತ್ತಿತು. ಪಕ್ಕದ ಮನೆಯ 33 ಅಡಿ ಬಾವಿ ಬತ್ತಿತು. ಗೆದ್ದದ್ದು ರೈಲ್ವೆಯೇ.

ಮುಂದೆ ಏನಾಯಿತು? ಪಕ್ಕದವನು ಎತ್ತುವ ಮೊದಲೇ ನಾನು ಎತ್ತಬೇಕೆಂದು ಎಲ್ಲರೂ ಕೊರೆಸಿದರು. ತೈಲವೂ ಹಣವೂ ಪೋಲಾಯಿತು. ಕೊನೆಗೆ ಹಲವು ರಾಜ್ಯಗಳು ಬಾವಿಗಳ ನಡುವೆ ಅಂತರ ಗೊತ್ತುಮಾಡಿದವು. ಒಂದೇ ನಿಕ್ಷೇಪದ ಮೇಲಿನ ಜಮೀನಿನವರು ಸೇರಿ ತೆಗೆದು ಪಾಲು ಹಂಚಿಕೊಳ್ಳುವ ಪದ್ಧತಿಯೂ ಬಂತು.

ನಮ್ಮ ರಾಜ್ಯದ 1999ರ ಕಾಯ್ದೆ ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರ್ ಒಳಗೆ ಅನುಮತಿ ಇಲ್ಲದೆ ಬಾವಿ ತೋಡಬಾರದು ಎನ್ನುತ್ತದೆ. 2011ರ ಅಂತರ್ಜಲ ಕಾಯ್ದೆ ಅಧಿಸೂಚಿತ ಪ್ರದೇಶಗಳಲ್ಲಿ ಕೊರೆಯಲು ಅನುಮತಿ ಬೇಕೆನ್ನುತ್ತದೆ. ಗಮನಿಸಿ: 500 ಮೀಟರ್ ರಕ್ಷಣೆ ಊರಿನ ನಲ್ಲಿಗೆ, ನಿಮ್ಮ ಹೊಲದ ಬಾವಿಗಲ್ಲ.

ಊರಿನ ಕುಡಿಯುವ ನೀರಿನ ಬೋರ್ ಹತ್ತಿರ ರಿಗ್ ಲಾರಿ ಬಂದರೆ ಅನುಮತಿ ಪತ್ರ ಕೇಳಿ, ಪಂಚಾಯಿತಿಗೆ ಬರವಣಿಗೆಯಲ್ಲಿ ದೂರು ಕೊಡಿ. ಹೊಲದ ಬಾವಿಗಳ ಮಟ್ಟಿಗೆ, ಅಕ್ಕಪಕ್ಕದವರು ಕೊರೆಸುವ ಮೊದಲೇ ಕೂತು ಅಂತರ ಮಾತಾಡಿಕೊಳ್ಳುವುದು ಲೇಸು. ತೈಲದವರು ಲಕ್ಷಾಂತರ ಡಾಲರ್ ಕಳೆದುಕೊಂಡು ಕಲಿತದ್ದು ಅದನ್ನೇ.