ಮುಳ್ಳು ಕೆಳಗಿಳಿದ ಮೇಲೆ

ಪೆಟ್ರೋಲ್ ಟ್ಯಾಂಕಿನಲ್ಲಿ ಎಷ್ಟು ಉಳಿದಿದೆ ಎಂದು ನೋಡಲು ಕಡ್ಡಿಯೊಂದನ್ನು ಇಳಿಬಿಟ್ಟರೆ ಸಾಕು. ಬ್ಯಾಟರಿಯ ವಿಷಯದಲ್ಲಿ ಹಾಗಾಗುವುದಿಲ್ಲ. ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ 1859ರಲ್ಲಿ ಸೀಸದ ಬ್ಯಾಟರಿ ಮಾಡಿದಾಗಿನಿಂದ ಇಂದಿನ ಲಿಥಿಯಂ ಕಾರಿನವರೆಗೂ, ಒಳಗೆ ಉಳಿದ ಚಾರ್ಜನ್ನು ನೇರವಾಗಿ ಅಳೆಯುವ ಸಾಧನ ಯಾವ ಕಾರಿನಲ್ಲೂ ಇಲ್ಲ. ವೋಲ್ಟೇಜು, ಆಸಿಡ್ಡಿನ ಗ್ರಾವಿಟಿ (ನೀರಿಗೆ ಹೋಲಿಸಿದ ಸಾಂದ್ರತೆ), ಹರಿದುಹೋದ ಕರೆಂಟಿನ ಲೆಕ್ಕ ಇವುಗಳನ್ನು ಹಿಡಿದು ಅಂದಾಜು ಕಟ್ಟಬೇಕು. ಬೆಂಗಳೂರಿನ ಜೆ.ಸಿ. ರಸ್ತೆಯ ಬ್ಯಾಟರಿ ಅಂಗಡಿಯಲ್ಲಿ ಕೆಲಸ ಕಲಿತು, ಅದೇ ಕಸುಬಿನಲ್ಲಿ ತಲೆ ನರೆತವನು ನಾನು. ಕಾರು ಇನ್ನೆಷ್ಟು ದೂರ ಓಡೀತು ಎಂಬ ಈ ಅಂದಾಜು ಯಾರ ಕೈಯಿಂದ ಯಾರ ಕೈಗೆ ಬಂತು ಎಂಬುದನ್ನು ಬರೆದಿಡಬೇಕೆಂದು ಬಹಳ ದಿನದಿಂದ ಅನಿಸುತ್ತಿದೆ.

ಮೊದಲು ಅದು ಬ್ಯಾಟರಿಯವನ ಕೈಯಲ್ಲಿತ್ತು. ಅವನ ಆಯುಧ ಹೈಡ್ರೋಮೀಟರ್: ಗಾಜಿನ ಕೊಳವೆ, ತುದಿಗೆ ರಬ್ಬರ್ ಬಲ್ಬು, ಒಳಗೆ ಕೆಂಪು ಬಿಳಿ ಹಸಿರು ಪಟ್ಟಿಯ ತೇಲುಗಡ್ಡಿ. ಸೆಲ್ಲಿನ ಮುಚ್ಚಳ ತಿರುಗಿಸಿ ತೆಗೆದು, ಬಲ್ಬು ಒತ್ತಿ ಬಿಟ್ಟರೆ ಆಸಿಡ್ ಮೇಲೇರುತ್ತದೆ. ಚಾರ್ಜ್ ಖರ್ಚಾದಂತೆಲ್ಲ ಗಂಧಕಾಮ್ಲ ಪ್ಲೇಟುಗಳಿಗೆ ಸೇರಿಕೊಂಡು ದ್ರವ ನೀರಾಗುತ್ತ ಹೋಗುತ್ತದೆ. ಹಗುರಾದ ದ್ರವದಲ್ಲಿ ಕಡ್ಡಿ ಮುಳುಗುತ್ತದೆ. ತುಂಬಿದ ಸೆಲ್ಲಿನ ಗ್ರಾವಿಟಿ 1.250ರಿಂದ 1.280, ಬರಿದಾದದ್ದು 1.150ಕ್ಕೂ ಕೆಳಗೆ. ಇಷ್ಟನ್ನು ಯಾರು ಬೇಕಾದರೂ ಓದಬಹುದು. ಕಸುಬುದಾರ ನೋಡುತ್ತಿದ್ದುದು ಬೇರೆ. ಉಳಿದೆಲ್ಲ ಸೆಲ್ಲುಗಳೂ 1.220 ತೋರಿಸುವಾಗ ಒಂದು ಮಾತ್ರ 1.170ಕ್ಕೆ ಇಳಿದಿದ್ದರೆ, ಆ ಗಾಡಿಯ ಆಯಸ್ಸು ಇರುವುದು ಆ ಒಂದರಲ್ಲಿ. ಸಾಲಾಗಿ ಜೋಡಿಸಿದ ಸೆಲ್ಲುಗಳಲ್ಲಿ ಹರಿಯುವ ಕರೆಂಟು ಒಂದೇ. ಸೊರಗಿದ್ದು ಮೊದಲು ಬರಿದಾಗುತ್ತದೆ; ಆಮೇಲೂ ಎಳೆದರೆ ಉಳಿದವು ಅದನ್ನು ಉಲ್ಟಾ ಚಾರ್ಜ್ ಮಾಡಿ ಕೊಲ್ಲುತ್ತವೆ. ಸರಾಸರಿ ನೋಡಿ ದೂರ ಹೇಳಬಾರದು, ಕನಿಷ್ಠ ನೋಡಿ ಹೇಳಬೇಕು ಎಂದು ನನಗೆ ಕೆಲಸ ಕಲಿಸಿದ ಮೇಸ್ತ್ರಿ ಹೇಳುತ್ತಿದ್ದರು. ಆ ಮಾತು ಲಿಥಿಯಂ ಕಾಲಕ್ಕೂ ಸಲ್ಲುತ್ತದೆ.

ಅಮೆರಿಕದಲ್ಲಿ ನೂರು ವರ್ಷದ ಹಿಂದೆಯೇ ಎಲೆಕ್ಟ್ರಿಕ್ ಕಾರುಗಳು ಸಾವಿರಗಟ್ಟಲೆ ಓಡಾಡುತ್ತಿದ್ದವು. ಹೆನ್ರಿ ಫೋರ್ಡರ ಹೆಂಡತಿ ಕ್ಲಾರಾ ಓಡಿಸುತ್ತಿದ್ದುದು ಡೆಟ್ರಾಯಿಟ್ ಎಲೆಕ್ಟ್ರಿಕ್ ಕಾರನ್ನು. ಇಲಿನಾಯ್ ರಾಜ್ಯದ ಸ್ಪ್ರಿಂಗ್‌ಫೀಲ್ಡಿನ ಸಂಗಾಮೊ ಕಂಪನಿ ಅಂಥ ಗಾಡಿಗಳಿಗೆಂದೇ ಆಂಪಿಯರ್-ಅವರ್ ಮೀಟರ್ ಮಾಡುತ್ತಿತ್ತು. ಹೊರಗೆ ಹೋದ ಕರೆಂಟನ್ನು ಅದು ಎಣಿಸಿ ಮುಳ್ಳಿನಲ್ಲಿ ತೋರಿಸುತ್ತಿತ್ತು. ಅಂದಾಜು ಮೊದಲ ಸಲ ಯಂತ್ರದ ಕೈಗೆ ಹೋದದ್ದು ಹೀಗೆ. ಆದರೆ ಎಣಿಕೆಯೊಂದೇ ಸಾಲದು. ಬ್ಯಾಟರಿಯನ್ನು ನಿಧಾನವಾಗಿ ಖರ್ಚುಮಾಡಿದರೆ ಹೆಚ್ಚು ಕೊಡುತ್ತದೆ, ಅವಸರದಲ್ಲಿ ಎಳೆದರೆ ಕಡಿಮೆ ಕೊಡುತ್ತದೆ ಎಂಬುದನ್ನು ಜರ್ಮನಿಯ ಪ್ಯೂಕರ್ಟ್ 1897ರಲ್ಲೇ ಸೂತ್ರವಾಗಿ ಬರೆದಿದ್ದ.

ಆ ಸೂತ್ರವನ್ನು ಬೆಂಗಳೂರಿನ ರಸ್ತೆಗಳಲ್ಲಿ ಮೈಯಾರೆ ಕಲಿತವರು ರೇವಾ ಕಾರಿನ ಮಾಲೀಕರು. ಮೈನಿ ಸಮೂಹ ಅಮೆರಿಕದ ಅಮೆರಿಗಾನ್ ಜೊತೆ ಸೇರಿ ಶುರುಮಾಡಿದ ಕಂಪನಿ 2001ರಲ್ಲಿ ಈ ಪುಟ್ಟ ಎರಡು ಬಾಗಿಲಿನ ಕಾರನ್ನು ಮಾರುಕಟ್ಟೆಗೆ ತಂದಿತು. ಚೇತನ್ ಮೈನಿ ಅದರ ಹಿಂದಿದ್ದ ಎಂಜಿನಿಯರ್. ಸೀಟಿನಡಿ ಆರು ವೋಲ್ಟಿನ ಎಂಟು ಸೀಸದ ಬ್ಯಾಟರಿ, ಒಟ್ಟು 48 ವೋಲ್ಟು. ಒಂದು ಚಾರ್ಜಿಗೆ 80 ಕಿ.ಮೀ. ಎಂಬ ಮಾತು. ಮನೆಯ 15 ಆಂಪಿಯರ್ ಪ್ಲಗ್ಗಿಗೆ ರಾತ್ರಿ ಸಿಕ್ಕಿಸಿದರೆ ಬೆಳಿಗ್ಗೆ ತಯಾರು. ಮುಂದೆ ಇದೇ ಕಾರು ಜಿ-ವಿಝ್ ಎಂಬ ಹೆಸರಿನಲ್ಲಿ ಲಂಡನ್ನಿನಲ್ಲೂ ಓಡಿತು.

ಬ್ಯಾಟರಿಗೆ ಮೂರರಂತೆ ಇಪ್ಪತ್ತನಾಲ್ಕು ಸೆಲ್ಲುಗಳ ಆ ಸಾಲು ತುಂಬಿ ನಿಂತಾಗ 51 ವೋಲ್ಟಿನ ಹತ್ತಿರ, ಬರಿದಾಗಿ ನಿಂತಾಗ 47ರ ಆಸುಪಾಸು. ಕಾರಿನ ಇಡೀ ದಿನದ ಓಡಾಟ ಈ ನಾಲ್ಕು ವೋಲ್ಟುಗಳ ನಡುವೆ ಅಡಗಿತ್ತು. ಫ್ಲೈಓವರ್ ಹತ್ತುವಾಗ ವೋಲ್ಟೇಜು ಇದಕ್ಕಿಂತ ಹೆಚ್ಚು ಕುಸಿದು, ಇಳಿಯುವಾಗ ಮತ್ತೆ ಏಳುತ್ತಿತ್ತು. ಹಾಗಾಗಿ ಓಡುವಾಗ ನೋಡಿದ ವೋಲ್ಟೇಜನ್ನು ನಂಬುವಂತಿರಲಿಲ್ಲ. ನನ್ನ ಬಳಿ ಡಿಸ್ಟಿಲ್ಡ್ ವಾಟರ್ ಹಾಕಿಸಲು ಬರುತ್ತಿದ್ದ ಮಾಲೀಕರು ಇದಕ್ಕೆ ತಮ್ಮದೇ ಲೆಕ್ಕ ಕಟ್ಟಿಕೊಂಡಿದ್ದರು. ಹನುಮಂತನಗರದ ಏರು ಕೊನೆಗೆ ಬರದಂತೆ ದಾರಿ ಬದಲಿಸುವುದು, ಸಿಗ್ನಲ್ಲಿನಿಂದ ಮೆಲ್ಲಗೆ ಹೊರಡುವುದು, ಡಿಸೆಂಬರಿನ ಚಳಿಯಲ್ಲಿ ದೂರವನ್ನು ಕಡಿಮೆಯೇ ಇಟ್ಟುಕೊಳ್ಳುವುದು. ಮುಳ್ಳು ತಳ ಸೇರಿದಾಗ ಕಾರು ನಿಲ್ಲಿಸಿ, ದರ್ಶಿನಿಯಲ್ಲಿ ಕಾಫಿ ಕುಡಿದು ಬರುವುದೂ ಒಂದು ಉಪಾಯ. ಅಷ್ಟರಲ್ಲಿ ಆಸಿಡ್ ಪ್ಲೇಟಿನ ಒಳರಂಧ್ರಗಳಿಗೆ ಇಂಗಿ, ಸ್ವಲ್ಪ ದೂರದ ಮನೆಗೆ ಸಾಕಾಗುವಷ್ಟು ಶಕ್ತಿ ಮರಳುತ್ತಿತ್ತು. ಮಕ್ಕಳ ಸ್ಕೂಲು, ಆಫೀಸು, ತರಕಾರಿ ಅಂಗಡಿ ಎಲ್ಲವೂ ಅವರ ತಲೆಯಲ್ಲಿ ಕಿಲೋಮೀಟರಿನಲ್ಲಲ್ಲ, ಏರಿಳಿತದಲ್ಲಿ ದಾಖಲಾಗಿದ್ದವು. ಈ ಜ್ಞಾನವನ್ನು ನಾನು ತುಂಬ ಗೌರವಿಸುತ್ತೇನೆ.

2009ರ ಫ್ರಾಂಕ್‌ಫರ್ಟ್ ಮೋಟಾರ್ ಪ್ರದರ್ಶನದಲ್ಲಿ ರೇವಾ ಕಂಪನಿ ತೋರಿಸಿದ ಹೊಸ ಮಾದರಿಗಳೊಂದಿಗೆ ‘ರಿವೈವ್’ ಎಂಬ ಏರ್ಪಾಡು ಬಂತು. ಚಾರ್ಜ್ ಮುಗಿದು ನಿಂತವರು ಫೋನ್ ಮಾಡಿದರೆ ಅಥವಾ ಮೆಸೇಜ್ ಕಳಿಸಿದರೆ, ಸಹಾಯ ಕೇಂದ್ರದವರು ದೂರದಿಂದಲೇ ಬ್ಯಾಟರಿಯ ಸ್ಥಿತಿ ನೋಡಿ, ಒಳಗೆ ಕಾದಿಟ್ಟ ಪಾಲನ್ನು ಬಿಡುಗಡೆ ಮಾಡುವುದು. ಬಜಾಜ್ ಚೇತಕ್‌ನಲ್ಲಿ ಸೀಟಿನ ಕೆಳಗೆ ಕೈಹಾಕಿ ರಿಸರ್ವ್‌ಗೆ ತಿರುಗಿಸುತ್ತಿದ್ದ ಹಾಗೆಯೇ; ವ್ಯತ್ಯಾಸವೆಂದರೆ ತಿರುಗಿಸುವ ಕೈ ಮಾಲೀಕನದಲ್ಲ. 2010ರಲ್ಲಿ ಕಂಪನಿ ಮಹೀಂದ್ರಾ ಪಾಲಾಯಿತು. 2013ರಲ್ಲಿ ಬಂದ ಇ2ಒ ಕಾರಿನಲ್ಲೂ ರಿವೈವ್ ಇತ್ತು. ನನ್ನ ದೃಷ್ಟಿಯಲ್ಲಿ ಇದು ಈ ಕಸುಬಿನ ಇತಿಹಾಸದ ದೊಡ್ಡ ತಿರುವು. ಚೇತಕ್ಕಿನ ಟ್ಯಾಂಕಿಗೆ ಸೊರಗಿದ ಭಾಗ ಅಂತ ಇಲ್ಲ. ಬ್ಯಾಟರಿಗೆ ಇದೆ. ಆದ್ದರಿಂದಲೇ ಕೊಡುವ ಮೊದಲು ಯಾರಾದರೂ ಒಳಗೆ ನೋಡಬೇಕಿತ್ತು. ಮೇಸ್ತ್ರಿ ಮುಚ್ಚಳ ತೆಗೆದು ಮಾಡುತ್ತಿದ್ದುದನ್ನು ಮೊಬೈಲ್ ನೆಟ್‌ವರ್ಕಿನ ಮೂಲಕ ಮಾಡಿದರು.

ಲಿಥಿಯಂ ಬಂದ ಮೇಲೆ ಹೈಡ್ರೋಮೀಟರ್ ಮೂಲೆ ಸೇರಿತು. 2020ರಲ್ಲಿ ಬಂದ ನೆಕ್ಸಾನ್ ಇವಿಯಲ್ಲಿರುವ ಕಬ್ಬಿಣ-ಫಾಸ್ಫೇಟ್ ಜಾತಿಯ ಸೆಲ್ಲಿನ ವೋಲ್ಟೇಜು, ಚಾರ್ಜ್ ಶೇಕಡ 80 ಇದ್ದಾಗಲೂ 30 ಇದ್ದಾಗಲೂ ಹೆಚ್ಚುಕಡಿಮೆ ಅಷ್ಟೇ. ಹಾಗಾಗಿ ಕಾರಿನ ಕಂಪ್ಯೂಟರು ಸಂಗಾಮೊ ಮೀಟರಿನಂತೆ ಕರೆಂಟನ್ನೇ ಎಣಿಸುತ್ತ ಕೂರುತ್ತದೆ. ಎಣಿಕೆಯ ಸಣ್ಣ ತಪ್ಪುಗಳು ದಿನದಿಂದ ದಿನಕ್ಕೆ ಕೂಡುತ್ತವೆ; ಆಗಾಗ ಪೂರ್ತಿ ಚಾರ್ಜ್ ಮಾಡಿದರೆ ಮಾತ್ರ ಲೆಕ್ಕ ಸರಿಹೋಗುತ್ತದೆ. ಇನ್ನು ಪರದೆಯ ಮೇಲಿನ ಕಿಲೋಮೀಟರು ಹಿಂದಿನ ದಾರಿಯನ್ನು ನೋಡಿ ಹೇಳಿದ್ದು, ಮುಂದಿನದನ್ನಲ್ಲ. ಶಿರಾಡಿ ಘಾಟಿ ಇಳಿದವರಿಗೆ ಅದು ಧಾರಾಳವಾಗಿ ಹೇಳುತ್ತದೆ. ಮಂಗಳೂರಿನಿಂದ ಹಿಂದಿರುಗಿ ಸಕಲೇಶಪುರಕ್ಕೆ ಹತ್ತುವಾಗ, ಜನ ಸಾಮಾನು ಸೇರಿ 1600 ಕಿಲೋ ತೂಕದ ಕಾರನ್ನು ಸುಮಾರು 800 ಮೀಟರ್ ಎತ್ತಲಿಕ್ಕೇ ಮೂರೂವರೆ ಯೂನಿಟ್ ಬೇಕು. ಸಮತಟ್ಟು ರಸ್ತೆಯಲ್ಲಿ ಅದು ಇಪ್ಪತ್ತೈದು ಕಿ.ಮೀ.ಗೆ ಆಗುವಷ್ಟು ವಿದ್ಯುತ್ತು.

ಸೊನ್ನೆ ಬಂದ ಮೇಲೂ ಎಷ್ಟು ಓಡುತ್ತದೆ ಸಾರ್ ಎಂದು ಹುಡುಗರು ಈಗ ಕೇಳುತ್ತಾರೆ. ಸೊನ್ನೆಯ ಕೆಳಗೆ ತಯಾರಕರು ಒಂದಿಷ್ಟು ಬಿಟ್ಟಿರುವುದು ನಿಜ. ಅದು ಸೊರಗಿದ ಸೆಲ್ಲನ್ನು ಉಳಿಸಲಿಕ್ಕೆ ಬಿಟ್ಟದ್ದು ಎಂದು ಅವರಿಗೆ ಹೇಳುತ್ತೇನೆ. ಕಬ್ಬಿಣ-ಫಾಸ್ಫೇಟ್ ಜಾತಿಯ ಸೆಲ್ಲಿಗೆ ಎರಡೂವರೆ ವೋಲ್ಟು ಕೆಳಗಿನ ಗಡಿ. ಅಲ್ಲಿಂದ ತೀರ ಕೆಳಗಿಳಿದರೆ ಒಳಗಿನ ತಾಮ್ರದ ಹಾಳೆ ಕರಗತೊಡಗುತ್ತದೆ, ಮತ್ತೆ ಚಾರ್ಜ್ ಮಾಡಿದಾಗ ಆ ತಾಮ್ರ ಒಳಗೇ ಶಾರ್ಟ್ ಮಾಡಬಹುದು.